ವಿಸಿ ಮತ್ತು ಫೈರ್‌ವಾಲ್: ಬಾಗಿಲು ತೆಗೆಯಲು ಹೇಳಿದ್ದು ಯಾರು?



ಕೊರೊನಾ ಕಾಲದಲ್ಲಿ ಸುಪ್ರೀಂ ಕೋರ್ಟಿನ ಇ-ಕಮಿಟಿ ನ್ಯಾಯಾಲಯಗಳ ವಿಡಿಯೊ ಕಾನ್ಫರೆನ್ಸಿಗೆಂದು, ಚಿಕ್ಕದಾಗಿ ವಿಸಿಗೆಂದು, ಮಾದರಿ ನಿಯಮಗಳನ್ನು ರೂಪಿಸಿತು. ಕರ್ನಾಟಕ ಹೈಕೋರ್ಟ್ ಕೂಡ 2020ರಲ್ಲೇ ತನ್ನ ನಿಯಮಗಳನ್ನು ಹೊರಡಿಸಿತು. ವಿಚಾರಣೆಯ ಕೋಣೆಯಲ್ಲಿ ಏನೇನು ಇರಬೇಕು ಎಂಬ ಪಟ್ಟಿಯೊಂದು ಆ ಮಾದರಿ ನಿಯಮಗಳಲ್ಲಿದೆ. ಕಂಪ್ಯೂಟರ್, ಕರೆಂಟು ಹೋದರೆ ಕೈಕೊಡದ ವ್ಯವಸ್ಥೆ, ಕ್ಯಾಮೆರಾ, ಮೈಕು, ಸ್ಪೀಕರು, ಪರದೆ, ದಾಖಲೆ ತೋರಿಸುವ ಯಂತ್ರ. ಅದಾದ ಮೇಲೆ ಫೈರ್‌ವಾಲ್. ಅದಾದ ಮೇಲೆ ಕೂರಲು ಆಸನ, ಸಾಕಷ್ಟು ಬೆಳಕು, ಗಲಾಟೆಯಿಲ್ಲದ ಜಾಗ. ಕುರ್ಚಿ ತಂದು ಹಾಕಿದರೆ ಅದರ ಕೆಲಸ ಮುಗಿಯಿತು. ದೀಪ ಹಾಕಿದರೆ ಬೆಳಕು ಬಂತು. ಫೈರ್‌ವಾಲ್ ತಂದು ರ್‍ಯಾಕಿನಲ್ಲಿ ಕೂರಿಸಿದ ದಿನ ಮಾತ್ರ ಸಾಮಾನ್ಯವಾಗಿ ವಿಸಿ ನಿಂತುಹೋಗುತ್ತದೆ.

ನಿಂತಾಗ ಏನಾಗುತ್ತದೆ ಎಂಬುದು ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹತ್ತು ನಿಮಿಷದಲ್ಲಿ ಸಾಹೇಬರ ಮೀಟಿಂಗು. "ಅವರಿಗೆ ನಾವು ಕಾಣ್ತಿದ್ದೀವಿ, ನಮಗೆ ಅವರು ಕಾಣ್ತಿಲ್ಲ ಸಾರ್" ಎಂಬ ಕೂಗು ಏಳುತ್ತದೆ. ಏಜೆನ್ಸಿಯ ಹುಡುಗನಿಗೆ ಫೋನು ಹೋಗುತ್ತದೆ. ಆತ ಎಲ್ಲಿಂದಲೋ ಲಾಗಿನ್ ಆಗಿ, ಯಾರಿಗೆ ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಲು ಅಪ್ಪಣೆ ಕೊಡುವ ಒಂದು ಸಾಲನ್ನು ಫೈರ್‌ವಾಲಿನ ರೂಲುಗಳ ಪಟ್ಟಿಯ ನೆತ್ತಿಯ ಮೇಲೆ ಬರೆಯುತ್ತಾನೆ. ಅದಕ್ಕೆ 'ಎನಿ ಎನಿ ಅಲೋ' ಎನ್ನುತ್ತಾರೆ. ಪಕ್ಕದಲ್ಲಿ 'ಟೆಂಪ್' ಎಂದು ಷರಾ. ಮೀಟಿಂಗು ನಡೆಯುತ್ತದೆ, ಎಲ್ಲರೂ ಆತನನ್ನು ಹೊಗಳುತ್ತಾರೆ. ಆ ತಾತ್ಕಾಲಿಕ ಸಾಲು ಸಾಹೇಬರ ವರ್ಗಾವಣೆಯಾದ ಮೇಲೂ, ಆ ಹುಡುಗ ಕೆಲಸ ಬಿಟ್ಟ ಮೇಲೂ ಅಲ್ಲೇ ಇರುತ್ತದೆ.

ಫೈರ್‌ವಾಲ್ ತೆರೆಯುವ, ಮುಚ್ಚುವ ಪೋರ್ಟ್ ನಂಬರುಗಳ ವಿಷಯ ಈ ದತ್ತಿ ಉಪನ್ಯಾಸಕ್ಕೆ ತಕ್ಕುದೇ ಎಂದು ಸಂಘಟಕರಲ್ಲೇ ಒಬ್ಬರು ಅನುಮಾನ ಪಟ್ಟರು. ನನ್ನ ಉತ್ತರ ಇದು. ಜೈಲಿನಲ್ಲಿರುವ ವಿಚಾರಣಾಧೀನ ಕೈದಿ ಇವತ್ತು ಪರದೆಯ ಮೇಲೆ ನ್ಯಾಯಾಧೀಶರ ಮುಂದೆ ಹಾಜರಾಗುತ್ತಾನೆ. ಸಾಕ್ಷಿ ಖುದ್ದಾಗಿ ಕಟಕಟೆಯಲ್ಲಿ ನಿಲ್ಲದೆ ವಿಡಿಯೊ ಮೂಲಕ ಸಾಕ್ಷ್ಯ ನುಡಿಯಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅಂದಮೇಲೆ ಅವರ ದನಿ ಆಚೆ ಕಡೆ ತಲುಪುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಆ ಒಂದು ಸಾಲನ್ನು ಯಾರು ಬರೆದರು, ಯಾರ ಮಾತಿನ ಮೇಲೆ ಬರೆದರು ಎಂದು ಕೇಳುವ ಹಕ್ಕು ಸಾರ್ವಜನಿಕರಿಗೆ ಇರಬೇಕು. ಯಾವ ನಂಬರು ತೆರೆಯಬೇಕೆಂಬುದು ಕೈಪಿಡಿಯಲ್ಲಿ ಸಿಗುತ್ತದೆ. ಯಾರಿಗಾಗಿ, ಎಲ್ಲಿಯವರೆಗೆ ಎಂಬುದಕ್ಕೆ ನಮ್ಮ ಬಹುಪಾಲು ಕಚೇರಿಗಳಲ್ಲಿ ಒಂದು ಚೀಟಿಯೂ ಸಿಗುವುದಿಲ್ಲ. ನನ್ನ ತಕರಾರು ಇದು. ತಕರಾರು ಅರ್ಥವಾಗಬೇಕಾದರೆ ಕರೆಯೊಂದನ್ನು ಬಿಚ್ಚಿ ನೋಡಬೇಕು.

ಮೊದಲು ಈ ಬಾಗಿಲು ತೆರೆಯುವ ಪೇಚು ಇರಲಿಲ್ಲ. 2002ರ ಸುಮಾರಿಗೆ ಇಸ್ರೊ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದ ತಜ್ಞರೊಡನೆ ಮಾತಾಡತೊಡಗಿದವು. ಸುಮಾರು 36,000 ಕಿ.ಮೀ. ಎತ್ತರಕ್ಕೆ ಹೋಗಿ ಇಳಿಯುವಷ್ಟರಲ್ಲಿ ಮಾತು ಕಾಲು ಸೆಕೆಂಡು ತಡವಾಗುತ್ತಿತ್ತು, ನಿಜ. ಆದರೆ ಆ ದಾರಿ ಅವರದೇ. ದಾರಿಹೋಕರು ಬಂದು ಬಾಗಿಲು ತಟ್ಟುವ ಭಯವಿರಲಿಲ್ಲ. ಅದೇ ಕೆಲಸ ಇಂಟರ್ನೆಟ್ಟಿಗೆ ಬಂದಾಗ ದಾರಿ ಅಗ್ಗವಾಯಿತು, ಬೀದಿ ಎಲ್ಲರದಾಯಿತು, ಫೈರ್‌ವಾಲ್ ಎಂಬ ಗೋಡೆ ಬೇಕಾಯಿತು.

ಗೋಡೆಯಲ್ಲಿ ಬಾಗಿಲುಗಳಿರುತ್ತವೆ, ಅವೇ ಪೋರ್ಟುಗಳು. ಒಂದು ಐಪಿ ವಿಳಾಸಕ್ಕೆ 65,535 ನಂಬರಿನವರೆಗೆ ಟಿಸಿಪಿ ಪೋರ್ಟುಗಳು, ಅಷ್ಟೇ ಯುಡಿಪಿ ಪೋರ್ಟುಗಳು; ಟಿಸಿಪಿ, ಯುಡಿಪಿ ಎಂದರೆ ಮಾಹಿತಿ ಸಾಗಿಸುವ ಎರಡು ಪದ್ಧತಿಗಳು. 1023ರವರೆಗಿನವು ಹೆಸರುವಾಸಿ ಸೇವೆಗಳಿಗೆ, 49,151ರವರೆಗಿನವು ನೋಂದಣಿಗೆ, ಉಳಿದವು ಆ ಹೊತ್ತಿಗೆ ಬೇಕಾದವರು ಬಳಸಿ ಬಿಡುವುದಕ್ಕೆ. ಈ ನಂಬರುಗಳ ಲೆಕ್ಕದ ಪುಸ್ತಕವನ್ನು ಬಹಳ ವರ್ಷ ಅಮೆರಿಕದಲ್ಲಿ ಜಾನ್ ಪೋಸ್ಟೆಲ್ ಎಂಬ ಪುಣ್ಯಾತ್ಮ ನೋಡಿಕೊಂಡಿದ್ದರು. 1995ರಲ್ಲಿ ಫಿನ್ಲೆಂಡಿನ ತತು ಯುಲೊನೆನ್ ತಾವು ಬರೆದ ತಂತ್ರಾಂಶವಾದ ಎಸ್‌ಎಸ್‌ಎಚ್‌ಗೆ 22ನೇ ನಂಬರು ಕೊಡಿ ಎಂದು ಒಂದು ಈಮೇಲ್ ಹಾಕಿದರು, ಸಿಕ್ಕಿತು. ಒಂದು ನಂಬರಿಗೆ ಒಬ್ಬ ಅರ್ಜಿದಾರ, ಒಂದು ಕಾರಣ, ಒಂದು ದಾಖಲೆ. ಜಗತ್ತಿನ ಮಟ್ಟದಲ್ಲಿ ಇದ್ದ ಈ ಶಿಸ್ತು ನಮ್ಮ ಕಚೇರಿಯ ಫೈರ್‌ವಾಲಿಗೆ ಯಾಕೆ ಇಳಿಯಲಿಲ್ಲವೋ!

ವೆಬ್‌ಸೈಟ್ ನೋಡಲು ಒಂದೇ ಬಾಗಿಲು ಸಾಕು, 443. ವಿಡಿಯೊ ಕರೆ ಹಾಗಲ್ಲ. ಅದರಲ್ಲಿ ಎರಡು ಬಗೆಯ ಸಂಚಾರವಿದೆ. ಕರೆಯುವುದು, ಎತ್ತಿಕೊಳ್ಳುವುದು, ಯಾವ ಭಾಷೆಯಲ್ಲಿ ಚಿತ್ರ ಕಳಿಸಲಿ ಎಂದು ಒಪ್ಪಂದ ಮಾಡಿಕೊಳ್ಳುವುದು ಒಂದು, ಇದು ಸಿಗ್ನಲಿಂಗ್. ದನಿ, ಚಿತ್ರಗಳು ನಿಜವಾಗಿ ಹರಿಯುವುದು ಇನ್ನೊಂದು, ಇದು ಮೀಡಿಯಾ. ಎರಡಕ್ಕೂ ದಾರಿ ಬೇರೆ, ಬಾಗಿಲು ಬೇರೆ. ಒಂದಕ್ಕೆ ಅಪ್ಪಣೆ ಸಿಕ್ಕಿ ಇನ್ನೊಂದಕ್ಕೆ ಸಿಗದಿದ್ದರೆ ಫೋನು ರಿಂಗಾಗುತ್ತದೆ, ಆ ಕಡೆಯವರು ಎತ್ತುತ್ತಾರೆ, ಪರದೆ ಕಪ್ಪಾಗಿಯೇ ಇರುತ್ತದೆ.

ಹಳೆಯ ಮೀಟಿಂಗ್ ಕೋಣೆಗಳ ಯಂತ್ರಗಳು ಮಾತಾಡುತ್ತಿದ್ದದ್ದು ಎಚ್.323 ಎಂಬ ಕಟ್ಟಳೆಯಲ್ಲಿ. ಅದು ಬಂದದ್ದು 1996ರಲ್ಲಿ. ಈ ಕರೆ ಟಿಸಿಪಿ 1720ನೇ ಬಾಗಿಲು ತಟ್ಟುತ್ತದೆ. ಆ ಕಡೆಯ ಯಂತ್ರ ಎತ್ತಿಕೊಂಡು, "ಮುಂದಿನ ಮಾತಿಗೆ ಇಂಥ ನಂಬರಿಗೆ ಬಾ" ಎಂದು ಹೊಸ ಟಿಸಿಪಿ ನಂಬರು ಹೇಳುತ್ತದೆ. ಆ ನಂಬರು ಮೊದಲೇ ಗೊತ್ತಿರುವುದಿಲ್ಲ, ಆಗಿನ್ನೂ ಹುಟ್ಟಿದ್ದು. ಅಲ್ಲಿ ಹೋದರೆ ಎಚ್.245 ಎಂಬ ಒಪ್ಪಂದ ನಡೆಯುತ್ತದೆ: ದನಿಗೆ ಈ ಯುಡಿಪಿ ಪೋರ್ಟು, ಚಿತ್ರಕ್ಕೆ ಆ ಯುಡಿಪಿ ಪೋರ್ಟು. ಆರ್‌ಟಿಪಿ ಎಂಬ ಮೀಡಿಯಾ ಸಾಗಾಟದ ಕಟ್ಟಳೆಯ ರೂಢಿಯಂತೆ ಸಮಸಂಖ್ಯೆಯ ಪೋರ್ಟಿನಲ್ಲಿ ದನಿ ಹೋದರೆ ಪಕ್ಕದ ಬೆಸಸಂಖ್ಯೆಯಲ್ಲಿ ಅದರ ಯೋಗಕ್ಷೇಮ ವರದಿ ಹೋಗುತ್ತದೆ. ಚಿತ್ರಕ್ಕೆ ಇನ್ನೊಂದು ಜೋಡಿ, ಸ್ಲೈಡ್ ತೋರಿಸಿದರೆ ಮತ್ತೊಂದು. ಹೀಗೆ ಒಂದೇ ಒಂದು ಕರೆಗೆ ಎರಡು ಟಿಸಿಪಿ ಸಂಪರ್ಕ, ಆರೆಂಟು ಯುಡಿಪಿ ಪೋರ್ಟು. 1720 ಒಂದನ್ನು ತೆರೆದು ಕೈತೊಳೆದುಕೊಂಡವನಿಗೆ ಕಪ್ಪು ಪರದೆಯೇ ಗತಿ. ಎಲ್ಲ ಮೇಲಿನ ಪೋರ್ಟುಗಳನ್ನೂ ತೆರೆದರೆ ಗೋಡೆ ಇದ್ದೂ ಇಲ್ಲದ ಹಾಗೆ. ಅದಕ್ಕೇ ತಯಾರಕರು 'ನಮ್ಮ ಯಂತ್ರ ಇಷ್ಟರೊಳಗೇ ಇರುತ್ತದೆ' ಎಂದು ಪೋರ್ಟುಗಳಿಗೊಂದು ಮಿತಿ ಹಾಕಿಕೊಳ್ಳುವ ಅನುಕೂಲ ಕೊಟ್ಟರು. ಪಾಲಿಕಾಮ್ ಯಂತ್ರಗಳದ್ದು 3230ರಿಂದ ಶುರು. ಈ ಅನುಕೂಲವನ್ನು ಓದಿ ಬಳಸಿದವರು ಕಡಿಮೆ.

ಅದೇ 1996ರ ಫೆಬ್ರುವರಿಯಲ್ಲಿ ಇನ್ನೊಂದು ಕಟ್ಟಳೆಯೂ ಬಂತು. 10, 172.16, 192.168ರಿಂದ ಶುರುವಾಗುವ ವಿಳಾಸಗಳನ್ನು ಯಾರು ಬೇಕಾದರೂ ಒಳಗೊಳಗೇ ಬಳಸಿಕೊಳ್ಳಬಹುದು ಎಂಬ ಏರ್ಪಾಡು. ಇಂಟರ್ನೆಟ್ ವಿಳಾಸಗಳು ತೀರಿಹೋಗುತ್ತವೆಂಬ ಆತಂಕದಲ್ಲಿ 1994ರಲ್ಲೇ ನ್ಯಾಟ್ ಎಂಬ ಯುಕ್ತಿಯೂ ಬಂದಿತ್ತು. ಇದು ನಮ್ಮ ಹಳೇ ಮೈಸೂರಿನ ವಠಾರದ ಹಾಗೆ. ಬೀದಿಗೆ ಒಂದೇ ನಂಬರು, ಒಳಗೆ ಹತ್ತಾರು ಮನೆ. ಒಳಗಿನವರು ಬರೆದ ಕಾಗದದ ಹೊರಮೈಯಲ್ಲಿ ವಠಾರದ ಯಜಮಾನ ತನ್ನ ನಂಬರು ಹಾಕಿ ಕಳಿಸುತ್ತಾನೆ. ಉತ್ತರ ಬಂದರೆ ಇದು ಮೂರನೇ ಮನೆಯವರದ್ದು ಎಂದು ಗುರುತಿಟ್ಟುಕೊಂಡು ತಲುಪಿಸುತ್ತಾನೆ. ವೆಬ್‌ಪುಟಗಳಿಗೆ ಇಷ್ಟು ಸಾಕು. ವಿಡಿಯೊ ಕರೆಯ ತೊಡಕೆಂದರೆ ಅದು ಕಾಗದದ ಒಳಗೂ ವಿಳಾಸ ಬರೆಯುತ್ತದೆ: "ಚಿತ್ರವನ್ನು 192.168.1.20ಕ್ಕೆ ಕಳಿಸಿ." ಯಜಮಾನ ಹೊರಮೈ ತಿದ್ದುತ್ತಾನೆ, ಒಳಗಿನದನ್ನು ಓದುವುದಿಲ್ಲ. ಆಚೆಯವರು ಆ ಒಳವಿಳಾಸವನ್ನು ನಂಬಿ ಚಿತ್ರ ಕಳಿಸುತ್ತಾರೆ. ಅದು ಅವರ ಊರಿನ ಯಾವುದೋ ವಠಾರಕ್ಕೆ ಹೋಗಿ ಬೀಳುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. 'ಅವರಿಗೆ ನಾವು ಕಾಣ್ತಿದ್ದೀವಿ, ನಮಗೆ ಅವರು ಕಾಣ್ತಿಲ್ಲ' ಎಂಬ ಕೂಗಿನ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಸಿಪ್ ಎಂಬ ಇನ್ನೊಂದು ಪದ್ಧತಿಯಲ್ಲಿ ಇದೇ ರೋಗಕ್ಕೆ ಬೇರೆ ಲಕ್ಷಣ. 5060ನೇ ಪೋರ್ಟಿನಲ್ಲಿ ಮಾತಾಡುವ, ಗುಪ್ತವಾಗಿಸಿದರೆ 5061ಕ್ಕೆ ಹೋಗುವ ಪದ್ಧತಿ ಇದು. ಈಗಿನ ರೂಪ ಬಂದದ್ದು 2002ರಲ್ಲಿ. ಕರೆ ಎತ್ತಿಕೊಂಡ ಯಂತ್ರ "ಎತ್ತಿಕೊಂಡೆ" ಎಂದು ಹೇಳಿ, "ಗೊತ್ತಾಯಿತು" ಎಂಬ ಮರುಮಾತಿಗೆ ಕಾಯುತ್ತದೆ. ಎತ್ತಿಕೊಂಡ ಯಂತ್ರ ತನ್ನ ಒಳವಿಳಾಸವನ್ನೇ ಬರೆದು ಕಳಿಸಿದ್ದರೆ ಆ ಮರುಮಾತು ದಾರಿ ತಪ್ಪುತ್ತದೆ. ಅರ್ಧ ಸೆಕೆಂಡಿಗೆ, ಆಮೇಲೆ ಒಂದು, ಎರಡು, ನಾಲ್ಕು ಸೆಕೆಂಡಿನ ಅಂತರದಲ್ಲಿ ಯಂತ್ರ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ. 32ನೇ ಸೆಕೆಂಡಿಗೆ ಬೇಸತ್ತು ಕರೆ ಕತ್ತರಿಸುತ್ತದೆ. ದನಿ ಚೆನ್ನಾಗಿಯೇ ಕೇಳುತ್ತಿರುತ್ತದೆ, ಅರ್ಧ ನಿಮಿಷ ದಾಟಿದೊಡನೆ ಢಮಾರ್. ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಕಡಿದರೆ ನೆಟ್‌ವರ್ಕ್ ನಿಧಾನ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಧಾನವಾದ ನೆಟ್‌ವರ್ಕು ಗಡಿಯಾರ ನೋಡಿಕೊಂಡು ಕಡಿಯುವುದಿಲ್ಲ. ಹಾಗೆಯೇ ಎಚ್.323 ಕರೆಗಳು ಸರಿಯಾಗಿ ಒಂದು ಗಂಟೆಗೆ ಕಡಿದರೆ, ಸುಮ್ಮನಿದ್ದ ಟಿಸಿಪಿ ಸಂಪರ್ಕವನ್ನು ಒಂದು ಗಂಟೆಗೆ ಒರೆಸಿಹಾಕುವ ಫೈರ್‌ವಾಲಿನ ಅಭ್ಯಾಸವನ್ನು ಮೊದಲು ನೋಡಿ.

ಈ ಒಳವಿಳಾಸದ ಪೇಚು ಬಿಡಿಸುತ್ತೇನೆಂದು ರೂಟರು, ಫೈರ್‌ವಾಲ್ ಮಾರುವವರು ಒಬ್ಬ ಸಹಾಯಕನನ್ನು ಒಳಗೆ ಕೂರಿಸಿದರು. ಹೆಸರು ಎಎಲ್‌ಜಿ. ಕಾಗದವನ್ನು ಒಡೆದು ಓದಿ ಒಳಗಿನ ವಿಳಾಸವನ್ನೂ ತಿದ್ದುವುದು ಇವನ ಕೆಲಸ. ಆದರೆ ಯಂತ್ರ ತಾನೇ ಬುದ್ಧಿವಂತಿಕೆಯಿಂದ ಹೊರವಿಳಾಸ ಬರೆದುಕೊಂಡಿದ್ದರೆ ಇವನು ಅದನ್ನೂ ತಿದ್ದಿ ಕೆಡಿಸುತ್ತಾನೆ. ಕಾಗದ ಗುಪ್ತಲಿಪಿಯಲ್ಲಿದ್ದರೆ ಓದಲಾರದೆ ಸುಮ್ಮನಿರುತ್ತಾನೆ. ಫೋನು, ವಿಸಿ ಸೇವೆ ಒದಗಿಸುವವರಲ್ಲಿ ಬಹುಮಂದಿಯ ಮೊದಲ ಸಲಹೆಯೇ 'ಸಿಪ್ ಎಎಲ್‌ಜಿ ಆಫ್ ಮಾಡಿ' ಎಂಬುದು. ನನ್ನ ಅನುಭವವೂ ಅದನ್ನೇ ಹೇಳುತ್ತದೆ.

ಇಷ್ಟೆಲ್ಲ ರಗಳೆಗೆ ಬೇಸತ್ತವರು ಏನು ಮಾಡಿದರು? ಯಂತ್ರವನ್ನೇ ಎತ್ತಿ ಗೋಡೆಯ ಆಚೆ ಇಟ್ಟರು. ಪಬ್ಲಿಕ್ ಐಪಿ ಕೊಟ್ಟು, ಫೈರ್‌ವಾಲಿನ ಹೊರಗೆ. ಕರೆ ತಾನಾಗಿ ಎತ್ತಿಕೊಳ್ಳುವ ಆಟೊ ಆನ್ಸರ್ ಸೌಕರ್ಯ ಬೇರೆ. ಇದರ ಫಲವನ್ನು 2012ರ ಜನವರಿಯಲ್ಲಿ ಅಮೆರಿಕದ ಎಚ್. ಡಿ. ಮೂರ್ ತೋರಿಸಿದರು. ಆಗ ರ್‍ಯಾಪಿಡ್7 ಎಂಬ ಸುರಕ್ಷತಾ ಕಂಪನಿಯಲ್ಲಿದ್ದ ಇವರು ಭದ್ರತಾ ಪರೀಕ್ಷೆಯ ಪ್ರಸಿದ್ಧ ಸಾಧನ ಮೆಟಾಸ್ಪ್ಲಾಯ್ಟ್ ಕಟ್ಟಿದವರು. ಇಂಟರ್ನೆಟ್ಟಿನ ವಿಳಾಸಗಳಲ್ಲಿ ಸುಮಾರು ಶೇಕಡಾ 3ರಷ್ಟನ್ನು ಮಾತ್ರ ಅವರು ತಟ್ಟಿ ನೋಡಿದರು. ಎಚ್.323 ಮಾತಾಡುವ ಸುಮಾರು 2,50,000 ಸಾಧನಗಳು ಸಿಕ್ಕವು. ಅವುಗಳಲ್ಲಿ ಸುಮಾರು 5,000 ತಾವಾಗಿ ಕರೆ ಎತ್ತಿಕೊಳ್ಳುವಂಥವು. ವಕೀಲರ ಸಂಸ್ಥೆಗಳು, ಔಷಧ ಕಂಪನಿಗಳು, ತೈಲ ಶುದ್ಧೀಕರಣಾಗಾರಗಳು, ವಿಶ್ವವಿದ್ಯಾಲಯಗಳು, ವೈದ್ಯಕೀಯ ಕೇಂದ್ರಗಳು. ನ್ಯೂಯಾರ್ಕ್ ಟೈಮ್ಸ್ ಇದನ್ನು ವರದಿ ಮಾಡಿತು. ಮೂರ್ ಕೂತಲ್ಲಿಂದಲೇ ಖಾಲಿ ಮೀಟಿಂಗ್ ಕೋಣೆಯ ಕ್ಯಾಮೆರಾ ತಿರುಗಿಸಿ, ಗೋಡೆಯ ಬಣ್ಣದ ಚೂರು ಎದ್ದಿರುವುದನ್ನೂ ಕಾಣುವಷ್ಟು ಹತ್ತಿರ ತಂದುಕೊಳ್ಳಬಲ್ಲವರಾಗಿದ್ದರು.

ಈ ಪ್ರಕರಣದಲ್ಲಿ ಬೀಗ ಒಡೆದದ್ದು ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಯಾವ ಪಾಸ್‌ವರ್ಡೂ ಕದಿಯಲಿಲ್ಲ. ಕರೆ ಮಾಡಿದರು, ಯಂತ್ರ ವಿನಯದಿಂದ ಎತ್ತಿಕೊಂಡಿತು. ಆ ಸಾವಿರಾರು ಕೋಣೆಗಳ ಯಜಮಾನರಲ್ಲಿ ಬಹುಮಂದಿಗೆ ತಮ್ಮ ಯಂತ್ರ ಬೀದಿಯಲ್ಲಿದೆ ಎಂಬುದೇ ಗೊತ್ತಿರಲಿಕ್ಕಿಲ್ಲ. ಗೋಡೆ ಕಟ್ಟಲು ದುಡ್ಡು ಕೊಟ್ಟವರು ಅವರೇ, ಗೋಡೆಯೂ ಇತ್ತು. ಪಬ್ಲಿಕ್ ಐಪಿಯ ಮೇಲೆ 1720 ಇಲ್ಲವೇ 5060 ತೆರೆದಿಟ್ಟವರಿಗೆ ಇವತ್ತಿಗೂ ಇದರ ಚಿಕ್ಕ ರೂಪ ಕಾಣಸಿಗುತ್ತದೆ. ನಡುರಾತ್ರಿಯಲ್ಲಿ ಖಾಲಿ ಕೋಣೆಯ ಯಂತ್ರ ರಿಂಗಾಗುತ್ತದೆ. ಕರೆದವರ ಹೆಸರಿನ ಜಾಗದಲ್ಲಿ 'ಸಿಸ್ಕೊ' ಎಂದೋ '1000' ಎಂದೋ ಇರುತ್ತದೆ. ರಾತ್ರಿ ಪಾಳಿಯವರು ದೆವ್ವ ಎನ್ನುತ್ತಾರೆ. ಬಾಗಿಲು ತಟ್ಟುತ್ತಾ ಹೋಗುವ ಸ್ಕ್ಯಾನರ್ ಪ್ರೋಗ್ರಾಮುಗಳು ಅವು. ಇಂಗ್ಲಿಷಿನಲ್ಲೂ ಅವಕ್ಕೆ ದೆವ್ವದ ಕರೆ ಎಂದೇ ಹೆಸರು.

ಗೋಡೆಯ ಒಳಗಿದ್ದುಕೊಂಡೇ ಮಾತಾಡುವ ದಾರಿಗಳನ್ನು ಅಷ್ಟರಲ್ಲಿ ಕಂಡುಕೊಂಡಿದ್ದರು. ಎಚ್.323ಕ್ಕೆ 2005ರಲ್ಲಿ ಎಚ್.460.18, ಎಚ್.460.19 ಎಂಬ ಸೇರ್ಪಡೆಗಳು ಬಂದವು. ಹೊರಗಿನವರು ಒಳಗೆ ಬರುವ ಬದಲು ಒಳಗಿನವನೇ ಹೊರಗೆ ಹೋಗಿ ದಾರಿ ತೆರೆದಿಟ್ಟುಕೊಳ್ಳುವುದು ಇದರ ತಿರುಳು. ಇನ್ನೊಂದು ಕಡೆ ಸ್ಟನ್ ಬಂತು: "ಹೊರಗಿನಿಂದ ನನ್ನ ವಿಳಾಸ ಏನೆಂದು ಕಾಣುತ್ತದೆ?" ಎಂದು 3478ನೇ ಪೋರ್ಟಿನಲ್ಲಿ ಒಬ್ಬರನ್ನು ಕೇಳಿ ತಿಳಿದುಕೊಳ್ಳುವ ಉಪಾಯ. ನೇರ ದಾರಿ ಸಿಗದಿದ್ದರೆ ನಡುವೆ ಒಬ್ಬ ದಲ್ಲಾಳಿಯನ್ನು ನಿಲ್ಲಿಸಿ ಎಲ್ಲವನ್ನೂ ಅವನ ಮೂಲಕ ಸಾಗಿಸುವುದು ಟರ್ನ್. ಇವೆರಡನ್ನೂ ಇಟ್ಟುಕೊಂಡು ಎಲ್ಲ ದಾರಿಗಳನ್ನೂ ಪರೀಕ್ಷಿಸಿ ಒಳ್ಳೆಯದನ್ನು ಆರಿಸುವುದು ಐಸ್. ಗೂಗಲ್ 2011ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟ ವೆಬ್‌ಆರ್‌ಟಿಸಿ ಇವನ್ನೆಲ್ಲ ಬ್ರೌಸರಿನೊಳಗೇ ಸೇರಿಸಿತು. ಇವತ್ತು ನೀವು ಲಿಂಕ್ ಒತ್ತಿದೊಡನೆ ಮೀಟಿಂಗಿನಲ್ಲಿ ಇರುತ್ತೀರಲ್ಲ, ಆ ಎರಡು ಮೂರು ಸೆಕೆಂಡಿನ ಒಳಗೆ ಈ ಹುಡುಕಾಟವೆಲ್ಲ ನಡೆದು ಮುಗಿದಿರುತ್ತದೆ.

ಇದರಿಂದ ಫೈರ್‌ವಾಲ್ ನೋಡಿಕೊಳ್ಳುವವರ ಕೆಲಸ ಹಗುರವಾಗಬೇಕಿತ್ತು. ಜೂಮ್, ಟೀಮ್ಸ್, ಮೀಟ್ ಯಾವುದೇ ಇರಲಿ, ಭಾಗವಹಿಸುವವರ ಕಡೆ ಹೊರಗಿನಿಂದ ಒಳಕ್ಕೆ ಒಂದು ಪೋರ್ಟನ್ನೂ ತೆರೆಯಬೇಕಾಗಿಲ್ಲ. ಒಳಗಿನಿಂದ ಹೊರಕ್ಕೆ ಹೋಗಲು ಬಿಟ್ಟರೆ ಸಾಕು. ಹೋದದ್ದನ್ನು ನೆನಪಿಟ್ಟುಕೊಂಡು ಅದರ ಉತ್ತರವನ್ನು ಮಾತ್ರ ಒಳಗೆ ಬಿಡುವ ವಿದ್ಯೆ ತೊಂಬತ್ತರ ದಶಕದಿಂದಲೇ ಫೈರ್‌ವಾಲುಗಳಿಗೆ ಗೊತ್ತು. ಟೀಮ್ಸಿಗೆ ಯುಡಿಪಿ 3478ರಿಂದ 3481. ಮೀಟ್‌ಗೆ 3478 ಮತ್ತು 19305ರಿಂದ 19309. ಜೂಮಿಗೆ 3478, 3479, ಜೊತೆಗೆ 8801ರಿಂದ 8810. ನಾವೇ ಸರ್ವರ್ ಇಟ್ಟುಕೊಳ್ಳುವ ಜಿಟ್ಸಿಗೆ ಮೀಡಿಯಾ ಹರಿಯುವುದು ಸಾಮಾನ್ಯವಾಗಿ ಯುಡಿಪಿ 10000ದಲ್ಲಿ. ಆ ಸರ್ವರಿಗೆ ಮಾತ್ರ ಒಳಬಾಗಿಲು ಬೇಕು. ಎಲ್ಲದಕ್ಕೂ ಜೊತೆಗೆ ಟಿಸಿಪಿ 443. ಒಂದು ಎಚ್ಚರಿಕೆ: ಈ ಅಂಕಿಗಳನ್ನು ಕಂಪನಿಗಳು ಬದಲಾಯಿಸುತ್ತಿರುತ್ತವೆ. ಇವತ್ತಿನ ಉಪನ್ಯಾಸದ ಟಿಪ್ಪಣಿ ನೋಡಿ ಯಾರೂ ರೂಲ್ ಬರೆಯಬೇಡಿ, ಆಯಾ ಕಂಪನಿಯ ಪಟ್ಟಿ ನೋಡಿ ಬರೆಯಿರಿ.

"443 ಹೇಗೂ ತೆರೆದೇ ಇದೆ, ಮೀಟಿಂಗೂ ನಡೀತಿದೆ, ಯುಡಿಪಿ ಯಾಕೆ?" ಎಂದು ಕೇಳುವವರಿದ್ದಾರೆ. ಯುಡಿಪಿ ಮುಚ್ಚಿಟ್ಟ ಇಂಥ ಕಚೇರಿಗಳು ಬಹಳ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನ್ಯಾಯಾಲಯದ ಮಟ್ಟಿಗೆ ಇದು ಸಣ್ಣ ಮಾತಲ್ಲ.

ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳಿಸುತ್ತಾರೆ, ಸೆಕೆಂಡಿಗೆ 50 ಪ್ಯಾಕೆಟ್. ಯುಡಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಕಳೆಯಿತು, ಮುಂದಿನದು ಬರುತ್ತದೆ, ಕಿವಿಗೆ ಗೊತ್ತೂ ಆಗುವುದಿಲ್ಲ. ಟಿಸಿಪಿ ಹಾಗೆ ಬಿಡುವುದಿಲ್ಲ. ಕಳೆದದ್ದು ಮತ್ತೆ ಬರುವವರೆಗೂ ಹಿಂದಿನಿಂದ ಬಂದವನ್ನೆಲ್ಲ ತಡೆದು ನಿಲ್ಲಿಸುತ್ತದೆ. ಬ್ಯಾಂಕಿನ ಲೆಕ್ಕಕ್ಕೆ ಈ ಹಟ ಬೇಕು, ಮಾತಿಗೆ ಬೇಡ. ಯುಡಿಪಿ ಮುಚ್ಚಿದಾಗ ಜೂಮ್, ಟೀಮ್ಸ್ ಬೇರೆ ಗತಿಯಿಲ್ಲದೆ 443ರ ಟಿಸಿಪಿಗೆ ಇಳಿಯುತ್ತವೆ. ಮೀಟಿಂಗು ನಿಲ್ಲುವುದಿಲ್ಲ, ಆದ್ದರಿಂದ ದೂರು ಬರುವುದಿಲ್ಲ. ಮಾತು ಮಾತ್ರ ತಡೆದು ತಡೆದು, ಆಮೇಲೆ ಗುಂಪಾಗಿ ಬಂದು ಬೀಳುತ್ತದೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. 400 ದಾಟಿದರೆ ಸಲ್ಲದು.

ಈಗ ಪಾಟೀಸವಾಲನ್ನು ನೆನೆಯಿರಿ. ವಕೀಲರು ಪ್ರಶ್ನೆ ಹಾಕುತ್ತಾರೆ. ಸಾಕ್ಷಿ ತಕ್ಷಣ ಉತ್ತರಿಸುತ್ತಾಳೆ. ಆ ಉತ್ತರ ನ್ಯಾಯಾಲಯಕ್ಕೆ ಒಂದೂವರೆ ಸೆಕೆಂಡು ತಡವಾಗಿ ತಲುಪುತ್ತದೆ. ನೋಡುವವರಿಗೆ ಏನನ್ನಿಸುತ್ತದೆ? ತಡವರಿಸಿದಳು, ಯೋಚಿಸಿ ಹೇಳಿದಳು. ಸಾಕ್ಷಿಯ ಹಾವಭಾವದ ಬಗ್ಗೆ ನ್ಯಾಯಾಧೀಶರು ಷರಾ ಬರೆದುಕೊಳ್ಳುವ ಕಟ್ಟಳೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮಿನಲ್ಲೇ ಇತ್ತು. ಮುಖದ ಅಳುಕು, ಮಾತಿನ ನಡುವಿನ ಮೌನ ಇವಕ್ಕೆ ನ್ಯಾಯಶಾಸ್ತ್ರದಲ್ಲಿ ಬೆಲೆ ಇದೆ. ಆ ಮೌನವನ್ನು ಸಾಕ್ಷಿ ಉಂಟುಮಾಡಿದಳೋ, ಯುಡಿಪಿ ಮುಚ್ಚಿದ ಫೈರ್‌ವಾಲ್ ಉಂಟುಮಾಡಿತೋ ಎಂದು ಪರದೆ ನೋಡಿ ಹೇಳಲು ಯಾರಿಂದಲೂ ಆಗದು. ಇದಕ್ಕೆ ದಾಖಲೆಯೊಂದು ಸಿಗುವುದಾದರೆ ಫೈರ್‌ವಾಲಿನ ಲಾಗಿನಲ್ಲಿ: ಮೂಲ 10.20.4.15, ಯುಡಿಪಿ, ಗುರಿಯ ಪೋರ್ಟು 3478, ಡ್ರಾಪ್. ವಿಚಾರಣೆ ನಡೆದಷ್ಟು ಹೊತ್ತೂ ಇಂಥ ಸಾಲುಗಳು ಮತ್ತೆ ಮತ್ತೆ ಬಂದಿರುತ್ತವೆ. ವಕೀಲ ಮಿತ್ರರು ಈ ಸಾಲನ್ನು ಗುರುತಿಟ್ಟುಕೊಳ್ಳಬೇಕೆಂದು ನನ್ನ ಆಸೆ.

443ರಲ್ಲೇ ಇನ್ನೊಂದು ಕಿರಿಕಿರಿ ಇದೆ. ಕೆಲವು ಫೈರ್‌ವಾಲುಗಳು ಗುಪ್ತಲಿಪಿಯ ಸಂಚಾರವನ್ನೂ ಬಿಚ್ಚಿ ಓದಿ, ಮತ್ತೆ ಮುಚ್ಚಿ ಕಳಿಸುತ್ತವೆ. ವಿಸಿಯ ವಿಳಾಸಗಳನ್ನು ಈ ತಪಾಸಣೆಯಿಂದ ಹೊರಗಿಡಿ ಎಂದು ಸೇವೆ ಕೊಡುವವರೇ ಹೇಳುತ್ತಾರೆ. ಅಷ್ಟು ಸಾಕು.

ಹಾಗಾದರೆ ಪೋರ್ಟುಗಳನ್ನು ಸರಿಯಾಗಿ ಕಟ್ಟಿಬಿಟ್ಟರೆ ಎಲ್ಲ ಕ್ಷೇಮವೇ? ಇಲ್ಲ. 2019ರ ಜುಲೈನಲ್ಲಿ ಜೊನಾಥನ್ ಲೈಟ್‌ಶು ಎಂಬ ಸಂಶೋಧಕರು ಒಂದು ಸಂಗತಿ ಹೊರಗೆಡವಿದರು. ಆಪಲ್ ಮ್ಯಾಕ್ ಕಂಪ್ಯೂಟರುಗಳಲ್ಲಿ ಜೂಮ್ ತಂತ್ರಾಂಶ 19421ನೇ ಪೋರ್ಟಿನಲ್ಲಿ ಒಂದು ಪುಟ್ಟ ವೆಬ್ ಸರ್ವರನ್ನು ಕೂರಿಸುತ್ತಿತ್ತು. ಜೂಮ್ ಅಳಿಸಿದರೂ ಅದು ಹೋಗುತ್ತಿರಲಿಲ್ಲ. ಯಾವುದೋ ವೆಬ್‌ಪುಟ ತೆರೆದರೆ ಸಾಕು, ಆ ಪುಟ ಈ ಸರ್ವರಿಗೆ ಸನ್ನೆ ಮಾಡಿ ನಿಮ್ಮನ್ನು ಮೀಟಿಂಗಿಗೆ ಎಳೆದು ಕ್ಯಾಮೆರಾ ಹಚ್ಚಬಹುದಿತ್ತು. ಕೆಲವೇ ದಿನಗಳಲ್ಲಿ ಜೂಮ್ ಅದನ್ನು ತೆಗೆಯಿತು, ಆಪಲ್ ಕೂಡ ತಾನೇ ಅಪ್‌ಡೇಟ್ ಕಳಿಸಿ ಅಳಿಸಿತು. ಕಚೇರಿಯ ಫೈರ್‌ವಾಲಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಬಾಗಿಲು ಇದ್ದದ್ದು ಕಂಪ್ಯೂಟರಿನ ಒಳಗೇ, ತನ್ನಿಂದ ತನಗೆ.

ನಮ್ಮ ಮನೆಯ ಉದಾಹರಣೆ 2023ರದ್ದು. ಡಿಸೆಂಬರಿನ ಮೊದಲ ವಾರ ಕರ್ನಾಟಕ ಹೈಕೋರ್ಟಿನ ಜೂಮ್ ಕಲಾಪದೊಳಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು. ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರು ವಿಡಿಯೊ ಕಾನ್ಫರೆನ್ಸ್ ಮತ್ತು ನೇರ ಪ್ರಸಾರವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ನಿಂತಿತು. ಪತ್ರಿಕೆಗಳು ಹ್ಯಾಕಿಂಗ್ ಎಂದು ಬರೆದವು. ಪೋರ್ಟಿನ ದೃಷ್ಟಿಯಿಂದ ನೋಡಿದರೆ, ಮೀಟಿಂಗಿಗೆ ಸೇರಿ ಪರದೆ ಹಂಚಿಕೊಂಡವನ ಸಂಚಾರವೂ ವಕೀಲರ ಸಂಚಾರವೂ ಒಂದೇ ದಾರಿಯಲ್ಲಿ ಒಂದೇ ನಂಬರಿಗೆ ಹೋಗುತ್ತದೆ. ಫೈರ್‌ವಾಲಿಗೆ ಕರಿಕೋಟು ಕಾಣುವುದಿಲ್ಲ. ಯಾರನ್ನು ಒಳಗೆ ಬಿಡಬೇಕು, ಯಾರು ಪರದೆ ಹಂಚಿಕೊಳ್ಳಬಹುದು ಎಂಬುದು ಮೀಟಿಂಗ್ ನಡೆಸುವವರ ಕೈಲಿರುವ ಬೀಗ. ಇಂಥ ಘಟನೆಗಳಾದಾಗ "ಇನ್ನಷ್ಟು ಪೋರ್ಟು ಮುಚ್ಚಿ" ಎಂಬ ಆದೇಶ ಹೊರಡುವುದನ್ನು ಕಚೇರಿಗಳಲ್ಲಿ ಕಂಡಿದ್ದೇನೆ. ಅದರಿಂದ ಕಿಡಿಗೇಡಿಗೆ ನಷ್ಟವಿಲ್ಲ, ಅವನು ಬೇರೆಲ್ಲೋ ಕೂತಿರುತ್ತಾನೆ. ಜೈಲಿನ ಕೋಣೆಯ ಮಾತು ಇನ್ನಷ್ಟು ತಡವಾಗುತ್ತದೆ, ಅಷ್ಟೇ.

ನನ್ನ ತಕರಾರಿಗೆ ಮರಳುತ್ತೇನೆ. ಫೈರ್‌ವಾಲಿನ ಪ್ರತಿ ರೂಲಿನ ಪಕ್ಕದಲ್ಲಿ ಷರಾ ಬರೆಯಲು ಜಾಗ ಇರುತ್ತದೆ. ಆ ಜಾಗ ಬಹುಪಾಲು ಖಾಲಿ, ಇಲ್ಲವೇ 'ಟೆಸ್ಟ್', 'ವಿಸಿ ನ್ಯೂ', 'ಸಾರ್ ಹೇಳಿದ್ದು'. ಅದರ ಬದಲು ಹೀಗೆ ಬರೆದರೆ ಏನು ಕಷ್ಟ: ಎರಡನೇ ಮಹಡಿಯ ವಿಸಿ ಕೋಣೆಯ ಯಂತ್ರದಿಂದ ಮಾತ್ರ, ಸೇವೆಯವರು ಪ್ರಕಟಿಸಿದ ವಿಳಾಸಗಳಿಗೆ ಮಾತ್ರ, ಯುಡಿಪಿ 3478ರಿಂದ 3481, ಹೊರಕ್ಕೆ, ಕೇಳಿದವರು ಇಂಥ ಶಾಖೆ, ಇಂಥ ದಿನಾಂಕದ ಕಡತ, ಮರುಪರಿಶೀಲನೆ ಮಾರ್ಚ್ ಕೊನೆಗೆ. ವಿಸಿ ಯಂತ್ರಗಳಿಗೆ ಪ್ರತ್ಯೇಕ ವಿಲ್ಯಾನ್, ಅಂದರೆ ಬೇರೆಯದೇ ಒಳಜಾಲ, ಮಾಡಿ, ಲೆಕ್ಕಪತ್ರ ಶಾಖೆಯ ಕಂಪ್ಯೂಟರುಗಳ ಜೊತೆ ಬೆರೆಸದೆ ಇಟ್ಟರೆ ಈ ಸಾಲು ಬರೆಯುವುದು ಇನ್ನೂ ಸುಲಭ. ಯಂತ್ರ ಕೆಟ್ಟು ಗುಜರಿಗೆ ಹೋದ ದಿನ ಅದರ ರೂಲೂ ಹೋಗಬೇಕು. ಹೋಗುವುದಿಲ್ಲ. ಅದೇ ವಿಳಾಸ ನಾಳೆ ಬೇರೆ ಕಂಪ್ಯೂಟರಿಗೆ ಸಿಗುತ್ತದೆ, ಹಳೆಯ ಯಂತ್ರದ ಅಪ್ಪಣೆಗಳೂ ಅದರ ಜೊತೆಗೇ ಸಿಗುತ್ತವೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಮಾತು. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಬಂದ ಮೇಲೆ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ಸಿಗುತ್ತದೆ, ವಠಾರ ಇರುವುದಿಲ್ಲ. ನಮ್ಮ ಮೊಬೈಲ್ ಜಾಲಗಳಲ್ಲಿ ಅದು ಆಗಲೇ ಬಂದಾಗಿದೆ. ಒಳವಿಳಾಸದ ಪೇಚೂ ಹೋಗುತ್ತದೆ, ಒಳ್ಳೆಯದೇ. ಆದರೆ ನ್ಯಾಟ್ ಇದೆಯಲ್ಲ, ಅದೇ ರಕ್ಷಣೆ ಎಂದುಕೊಂಡಿದ್ದ ಕಚೇರಿಗಳು ಆ ದಿನ ಬರಿಮೈಯಲ್ಲಿ ಬೀದಿಗೆ ಬರುತ್ತವೆ. ಹಳೆಯ ಪದ್ಧತಿಯಾದ ಐಪಿವಿ4ಕ್ಕೆ ಅಚ್ಚುಕಟ್ಟಾಗಿ ರೂಲ್ ಬರೆದು ಐಪಿವಿ6 ಕಡೆ ಕಣ್ಣೆತ್ತಿಯೂ ನೋಡದ ಫೈರ್‌ವಾಲುಗಳು ನಿಮಗೆ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಸಿಗುತ್ತವೆ.

ಕೊನೆಯದಾಗಿ, ಆರಂಭದಲ್ಲಿ ಹೇಳಿದ ಮಾದರಿ ನಿಯಮಗಳು ನ್ಯಾಯಾಲಯದ ತುದಿಗೂ ದೂರದ ತುದಿಗೂ ಒಬ್ಬೊಬ್ಬ ಸಂಯೋಜಕರು ಇರಬೇಕೆನ್ನುತ್ತವೆ. ಜೈಲಿನ ತುದಿಯಲ್ಲಿ ಆ ಹೊಣೆ ಸೂಪರಿಂಟೆಂಡೆಂಟರದ್ದು ಅಥವಾ ಅಲ್ಲಿನ ಹೊಣೆ ಹೊತ್ತ ಅಧಿಕಾರಿಯದ್ದು. ಅವರಿಗೆ ಯುಡಿಪಿ ಗೊತ್ತಿರಬೇಕೆಂದು ನಾನು ಹೇಳುವುದಿಲ್ಲ. ಜೂಮ್ ಸೆಟ್ಟಿಂಗಿನಲ್ಲಿ ಅಂಕಿಅಂಶದ ಒಂದು ಪುಟವಿದೆ, ಕ್ರೋಮ್ ಬ್ರೌಸರಿನಲ್ಲೂ ವೆಬ್‌ಆರ್‌ಟಿಸಿಗೆ ಅಂಥದೇ ಒಂದು ಪುಟವಿದೆ. ವಿಳಂಬ ಎಷ್ಟು, ಕಳೆದ ಪ್ಯಾಕೆಟ್ ಎಷ್ಟು ಎಂಬುದು ಅಲ್ಲಿ ಸಿಗುತ್ತದೆ. ಪ್ರತಿ ವಿಚಾರಣೆಗೆ ಮುಂಚೆ ಒಂದು ಪರೀಕ್ಷಾ ಕರೆ ಮಾಡಿ ಆ ಅಂಕಿಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಲಿ. ಸಾಕ್ಷಿ ತಡವರಿಸಿದಳೆಂದು ಮುಂದೆ ಯಾರಾದರೂ ವಾದಿಸಿದರೆ, ಎದುರು ವಕೀಲರು ಆ ರಿಜಿಸ್ಟರನ್ನು ತರಿಸಿ ನೋಡುವಂತಿರಲಿ.